ಮೇಜಿನ ಮೇಲೊಂದು ವಿಮಾನ: ಯೋಕ್, ಥ್ರಾಟಲ್‌ಗಳನ್ನು ಆರಿಸುವ ಬಗೆ

ವಿಮಾನವನ್ನು ನಡೆಸಬೇಕೆಂಬ ಆಸೆ ಎಷ್ಟೋ ವಿದ್ಯಾರ್ಥಿಗಳಿಗೆ ಇರುವುದುಂಟು. ಆದರೆ ನಿಜವಾದ ವಿಮಾನದಲ್ಲಿ ಒಂದು ಗಂಟೆ ಹಾರಾಡಲು ತಗಲುವ ವೆಚ್ಚವನ್ನು ಕೇಳಿದೊಡನೆಯೇ ಆ ಆಸೆ ಅರ್ಧಕ್ಕೆ ಇಳಿಯುತ್ತದೆ. ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇರುವವರಿಗೆ ಇಂದು ಇನ್ನೊಂದು ದಾರಿಯುಂಟು. ವಿಮಾನದ ಚಲನೆಯನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಅದರ ಫಲವನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುವ ಫ್ಲೈಟ್ ಸಿಮ್ಯುಲೇಟರುಗಳು ದೊರೆಯುತ್ತವೆ. ಬ್ರೂಸ್ ಆರ್ಟ್‌ವಿಕ್ ಎಂಬಾತ ರಚಿಸಿದ ಇಂಥ ಕಾರ್ಯಕ್ರಮವನ್ನು ಮೈಕ್ರೋಸಾಫ್ಟ್ ಸಂಸ್ಥೆ 1982ರಲ್ಲಿ ಹೊರತಂದಾಗ, ಪರದೆಯ ಮೇಲೆ ಕಾಣುತ್ತಿದ್ದುದು ಸರಳವಾದ ಕೆಲವು ಗೆರೆಗಳೂ ಬಣ್ಣಗಳೂ ಮಾತ್ರ. ಅದೇ ಹೆಸರಿನ ಕಾರ್ಯಕ್ರಮ 2020ರಲ್ಲಿ ಹೊಸ ರೂಪ ತಾಳಿ ಬಂದಾಗ ಇಡೀ ಭೂಮಂಡಲವೇ ಉಪಗ್ರಹ ಚಿತ್ರಗಳ ಆಧಾರದಿಂದ ಅದರಲ್ಲಿ ಮೂಡಿತು. ಎಕ್ಸ್-ಪ್ಲೇನ್, ಹಣ ಕೊಡದೆ ಪಡೆಯಬಹುದಾದ ಫ್ಲೈಟ್‌ಗಿಯರ್ ಮುಂತಾದವೂ ಪ್ರಸಿದ್ಧವಾಗಿವೆ.

ಕಣ್ಣಿಗೆ ಬೇಕಾದುದೆಲ್ಲ ಹೀಗೆ ಒದಗಿತು. ಕೈಗೆ? ಹೊಸಬರು ಕೀಲಿಮಣೆಯಿಂದಲೇ ವಿಮಾನ ನಡೆಸಲು ತೊಡಗಿ, ನಾಲ್ಕು ದಿನಗಳಲ್ಲಿ ಬೇಸರಗೊಳ್ಳುತ್ತಾರೆ. ಅದಕ್ಕೆ ಕಾರಣವಿದೆ. ಕೀಲಿಗೆ ಒತ್ತಿದ ಸ್ಥಿತಿ, ಒತ್ತದ ಸ್ಥಿತಿ ಎಂದು ಎರಡೇ ಅವಸ್ಥೆಗಳು. ವಿಮಾನಕ್ಕಾದರೋ ‘ತುಸು’, ‘ಇನ್ನೂ ತುಸು’, ‘ಸಾಕು, ಸ್ವಲ್ಪ ಹಿಂದಕ್ಕೆ’ ಎಂಬ ಸೂಕ್ಷ್ಮ ಆಜ್ಞೆಗಳು ಬೇಕು. ಆಗ ಅವರ ಗಮನ ಅಂಗಡಿಗಳಲ್ಲಿರುವ ಜಾಯ್‌ಸ್ಟಿಕ್, ಯೋಕ್, ಥ್ರಾಟಲ್ ಮೊದಲಾದ ಸಲಕರಣೆಗಳ ಕಡೆಗೆ ಹರಿಯುತ್ತದೆ. ಅವುಗಳ ಬೆಲೆಯಲ್ಲಿ ಹತ್ತುಪಟ್ಟು ಅಂತರವಿರುವುದೂ ಉಂಟು. ಯಾವುದನ್ನು ಕೊಳ್ಳಬೇಕು? ಆಕಾರವನ್ನು ನೋಡಿ ಮರುಳಾಗಿ ಹಣ ತೆತ್ತವರು ಬಹಳ ಮಂದಿ. ಉತ್ತರ ತಿಳಿಯಬೇಕಾದರೆ ನಿಜವಾದ ವಿಮಾನದಲ್ಲಿ ಈ ಹಿಡಿಗಳು ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು.

ಉದಾಹರಣೆಗೆ ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನವನ್ನು ತೆಗೆದುಕೊಳ್ಳೋಣ. 1955ರಲ್ಲಿ ಮೊದಲು ಹಾರಿದ ಇದು ಇದುವರೆಗೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ಲೋಕದ ಅಸಂಖ್ಯ ವಿಮಾನಚಾಲಕರು ಅಕ್ಷರಾಭ್ಯಾಸ ಮಾಡಿದುದು ಇದರಲ್ಲಿಯೇ. ಚಾಲಕನ ಎದುರಿಗೆ ಅರ್ಧ ಕತ್ತರಿಸಿದ ಮೋಟಾರು ಚಕ್ರದಂಥ ಒಂದು ಹಿಡಿ ಇರುತ್ತದೆ. ಅದೇ ಯೋಕ್. ಆ ಮಾತಿಗೆ ಇಂಗ್ಲಿಷಿನಲ್ಲಿ ನೊಗವೆಂದು ಅರ್ಥ. ಅದನ್ನು ಎಡಬಲಕ್ಕೆ ತಿರುಗಿಸಿದರೆ ರೆಕ್ಕೆಗಳ ಹಿಂಬದಿಯ ಏಲರಾನ್ ಎಂಬ ಹಲಗೆಗಳು ಅಲುಗಿ ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ. ತನ್ನ ಕಡೆಗೆ ಎಳೆದರೆ ಬಾಲದಲ್ಲಿರುವ ಎಲಿವೇಟರ್ ಮೇಲಕ್ಕೆ ಬಾಗಿ ಮೂತಿ ಏಳುತ್ತದೆ. ಮುಂದಕ್ಕೆ ನೂಕಿದರೆ ಮೂತಿ ಇಳಿಯುತ್ತದೆ. ಹಿಡಿಗೂ ಈ ಹಲಗೆಗಳಿಗೂ ನಡುವೆ ಇರುವುದು ಉಕ್ಕಿನ ಹಗ್ಗ, ರಾಟೆ, ಸನ್ನೆಗಳು ಮಾತ್ರ.

ಈ ಹಗ್ಗದ ಸಂಬಂಧವೇ ಇಲ್ಲಿ ಮುಖ್ಯ. ಗಾಡಿ ಹೊಡೆಯುವವನು ಎತ್ತಿನ ಹಗ್ಗವನ್ನು ಎಳೆಯುತ್ತಾನಷ್ಟೆ. ಎತ್ತು ಬೆದರಿದೆಯೋ, ದಣಿದಿದೆಯೋ ಎಂಬುದು ಅದೇ ಹಗ್ಗದ ಮೂಲಕ ಅವನ ಕೈಗೆ ತಿಳಿದುಬರುತ್ತದೆ. ವಿಮಾನದಲ್ಲಿಯೂ ಹಾಗೆಯೇ. ಬಾಗಿದ ಹಲಗೆಯನ್ನು ಗಾಳಿ ನೇರಗೊಳಿಸಲು ಯತ್ನಿಸುತ್ತದೆ, ಆ ಒತ್ತಡ ಹಗ್ಗದ ಗುಂಟ ಬಂದು ಚಾಲಕನ ಕೈಯನ್ನು ತಳ್ಳುತ್ತದೆ. ಗಾಳಿಯ ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದುದು. ಸೆಸ್ನಾ 60 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 111 ಕಿಲೋಮೀಟರಿನಂತೆ, ಇಳಿದಾಣದ ಕಡೆಗೆ ಬರುತ್ತಿರುವಾಗ ಎಲಿವೇಟರನ್ನು ಒಂದಿಷ್ಟು ಬಾಗಿಸಲು ಬೇಕಾದ ಬಲವನ್ನು 1 ಎಂದು ಹಿಡಿದರೆ, 120 ನಾಟ್ ವೇಗದಲ್ಲಿ ಅಷ್ಟೇ ಬಾಗಿಸಲು ಸುಮಾರು 4ರಷ್ಟು ಬಲ ಬೇಕು. ಆದುದರಿಂದ ಅನುಭವಿಯಾದ ಚಾಲಕನು ವೇಗಮಾಪಕವನ್ನು ನೋಡುವ ಮೊದಲೇ ಕೈಯಿಂದ ವೇಗವನ್ನು ಅಂದಾಜು ಮಾಡಬಲ್ಲನು. ವೇಗ ಅಪಾಯಕರವಾಗಿ ಕುಗ್ಗಿದಾಗ ಹಿಡಿಯು ಬಿಗಿ ಕಳೆದುಕೊಂಡು ಹಸಿ ಹಿಟ್ಟನ್ನು ಕಲಸುವಂತೆ ಸಡಿಲವಾಗುತ್ತದೆ. ರೆಕ್ಕೆಗಳು ತಮ್ಮ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುವ ಸ್ಟಾಲ್ ಎಂಬ ವಿಪತ್ತು ಸಮೀಪಿಸುತ್ತಿದೆ ಎಂಬುದಕ್ಕೆ ಇದೊಂದು ಮುನ್ಸೂಚನೆ. ನೆಲಕ್ಕೆ ಹತ್ತಿರವಿರುವಾಗ ಈ ಸೂಚನೆಯನ್ನು ಅರಿಯದ ಕೈ ಪ್ರಾಣಕ್ಕೇ ಎರವಾಗಬಹುದು.

ಈಗ ಮೇಜಿನ ಮೇಲಿನ ಯೋಕನ್ನು ನೋಡಿ. ಅದರೊಳಗೆ ಗಾಳಿಯೂ ಇಲ್ಲ, ಹಗ್ಗವೂ ಇಲ್ಲ. ಇರುವುದು ಒಂದೆರಡು ಸುರುಳಿ ಸ್ಪ್ರಿಂಗುಗಳು. ಹಿಡಿಯನ್ನು ನಡುವಿನಿಂದ ಎಷ್ಟು ದೂರ ಸರಿಸಿದರೆ ಅಷ್ಟು ಬಲದಿಂದ ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ. ಪರದೆಯ ವಿಮಾನ 60 ನಾಟಿನಲ್ಲಿರಲಿ, 120 ನಾಟಿನಲ್ಲಿರಲಿ, ಓಡುದಾರಿಯಲ್ಲಿ ನಿಂತೇ ಇರಲಿ, ಸ್ಪ್ರಿಂಗಿಗೆ ಎಲ್ಲವೂ ಒಂದೇ. ನಾವು ಹೇಳಿದುದನ್ನು ಅದು ಕೇಳುತ್ತದೆ. ತಾನು ಏನನ್ನೂ ಹೇಳುವುದಿಲ್ಲ.

ಇದರ ಫಲವಾಗಿ ಎರಡು ದುರಭ್ಯಾಸಗಳು ಬೆಳೆಯುತ್ತವೆ. ಮೊದಲನೆಯದು, ಕೈಗೆ ತಿಳಿಯದುದನ್ನು ಕಣ್ಣು ಹುಡುಕತೊಡಗುವುದು. ಮನೆಯಲ್ಲಿ ಬಹುಕಾಲ ಹಾರಿ ಬಂದ ವಿದ್ಯಾರ್ಥಿಗಳು ಕಿಟಕಿಯ ಹೊರಗೆ ನೋಡದೆ ಸದಾ ಮಾಪಕಗಳ ಮುಳ್ಳುಗಳನ್ನೇ ದಿಟ್ಟಿಸುತ್ತಾರೆಂಬುದು ವಿಮಾನಶಿಕ್ಷಕರ ಸಾಮಾನ್ಯವಾದ ದೂರು. ಎರಡನೆಯದು ಟ್ರಿಮ್ಮಿಗೆ ಸಂಬಂಧಿಸಿದುದು. ವಿಮಾನ ಒಂದೇ ವೇಗದಲ್ಲಿ ಸಾಗುವಾಗ ಚಾಲಕ ಹಿಡಿಯನ್ನು ಎಡೆಬಿಡದೆ ಎಳೆದುಕೊಂಡೇ ಇರಬೇಕಾಗಬಾರದೆಂದು ಸೆಸ್ನಾದಲ್ಲಿ ಟ್ರಿಮ್ ಎಂಬ ಒಂದು ಚಿಕ್ಕ ಚಕ್ರವನ್ನು ಇಟ್ಟಿದ್ದಾರೆ. ಅಲ್ಲಿ ಹಿಡಿಯನ್ನು ಬೇಕಾದ ಸ್ಥಾನದಲ್ಲಿ ಹಿಡಿದುಕೊಂಡು, ಕೈಯ ಮೇಲಿನ ಭಾರ ಕರಗಿಹೋಗುವವರೆಗೆ ಆ ಚಕ್ರವನ್ನು ತಿರುಗಿಸುತ್ತಾರೆ. ಭಾರ ಹೋದ ಮೇಲೂ ಹಿಡಿ ಇದ್ದಲ್ಲಿಯೇ ಇರುತ್ತದೆ. ಮೇಜಿನ ಯೋಕಿನಲ್ಲಿ ಸ್ಪ್ರಿಂಗಿನ ನಡುಬಿಂದು ಎಂದೂ ಕದಲದು. ಆದಕಾರಣ ಟ್ರಿಮ್ ತಿರುಗಿಸುತ್ತ ಹೋದಂತೆ ಹಿಡಿಯನ್ನು ಮೆಲ್ಲಮೆಲ್ಲನೆ ನಡುವಿಗೆ ಬಿಟ್ಟುಕೊಡಬೇಕು. ಕೈಗಳು ಕಲಿಯುವ ಪಾಠ ಇಲ್ಲಿ ತಲೆಕೆಳಗಾಗುತ್ತದೆ. ಇದನ್ನು ಬಲ್ಲವನಿಗೆ ಹಾನಿಯಿಲ್ಲ; ಅರಿಯದವನು ನಿಜವಾದ ವಿಮಾನದಲ್ಲಿ ಮೊದಲ ಕೆಲವು ಗಂಟೆಗಳನ್ನು ಕಲಿತದ್ದನ್ನು ಮರೆಯುವುದಕ್ಕಾಗಿಯೇ ವ್ಯಯಿಸಬೇಕಾದೀತು. ಆ ಗಂಟೆಗಳ ವೆಚ್ಚವಾದರೋ ಯೋಕಿನ ಬೆಲೆಗಿಂತ ಬಹಳ ಹೆಚ್ಚು.

ಹಾಗೆಂದು ಮೇಜಿನ ವಿಮಾನವನ್ನು ಬರಿಯ ಆಟವೆಂದು ತಳ್ಳಿಹಾಕಲಾಗದು. ಅಮೆರಿಕದ ಬಿಂಗ್‌ಹ್ಯಾಮ್ಟನ್ ನಗರದಲ್ಲಿ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯನ್ನು ಹೊಂದಿದ್ದವನೊಬ್ಬನ ಮಗ ಎಡ್ವಿನ್ ಲಿಂಕ್ ಎಂಬಾತ 1929ರ ಹೊತ್ತಿಗೆ ಆರ್ಗನ್ನಿನ ತಿದಿಗಳನ್ನೇ ಬಳಸಿ ನೆಲದ ಮೇಲೆ ವಾಲುವ, ತಿರುಗುವ ಪುಟ್ಟ ವಿಮಾನವೊಂದನ್ನು ಕಟ್ಟಿದನು. ಮೊದಲಿಗೆ ಅದು ವಿನೋದದ ಯಂತ್ರವಾಗಿಯೇ ಹೆಚ್ಚು ಮಾರಾಟವಾಯಿತು. 1934ರಲ್ಲಿ ಅಮೆರಿಕದ ಸೇನೆಯ ವಿಮಾನದಳ ಅಂಚೆ ಸಾಗಿಸುವ ಹೊಣೆ ಹೊತ್ತು, ಕೆಟ್ಟ ಹವೆಯಲ್ಲಿ ಅನೇಕ ಚಾಲಕರನ್ನು ಕಳೆದುಕೊಂಡ ಮೇಲೆ ಇಂಥ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಚಾಲಕರು ಮೋಡದೊಳಗೆ ಮಾಪಕಗಳನ್ನು ನಂಬಿ ಹಾರುವುದನ್ನು ಕಲಿತದ್ದು ಲಿಂಕನ ಯಂತ್ರದಲ್ಲಿ. ಮನೆಯ ಸಿಮ್ಯುಲೇಟರಿನ ಬಲವೂ ಅದೇ ದಿಕ್ಕಿನಲ್ಲಿದೆ: ಮಾಪಕಗಳನ್ನು ಓದುವುದು, ಕ್ರಮ ತಪ್ಪದೆ ಕೆಲಸ ಮಾಡುವುದು, ದಾರಿ ಹುಡುಕುವುದು.

ಇನ್ನು ಒಂದು ವಿಚಿತ್ರ ಸಂಗತಿ. ನೂರಾರು ಜನರನ್ನು ಹೊರುವ ದೊಡ್ಡ ವಿಮಾನಗಳನ್ನು ಮೇಜಿನ ಮೇಲೆ ಅನುಕರಿಸುವುದು ಇನ್ನೂ ಕಷ್ಟವೆಂದು ಯಾರಾದರೂ ಭಾವಿಸಬಹುದು. ಕೈಯ ಮಟ್ಟಿಗೆ ಹೇಳುವುದಾದರೆ ಸತ್ಯ ಇದಕ್ಕೆ ವಿರುದ್ಧವಾಗಿದೆ. 1987ರಲ್ಲಿ ಮೊದಲು ಹಾರಿದ ಏರ್‌ಬಸ್ ಎ320 ವಿಮಾನದಲ್ಲಿ ಯೋಕ್ ಇಲ್ಲ. ಚಾಲಕನ ಪಕ್ಕದಲ್ಲಿ ಸೈಡ್‌ಸ್ಟಿಕ್ ಎಂಬ ಗಿಡ್ಡ ಹಿಡಿಗೋಲು ಇರುತ್ತದೆ. ಅದು ಕಂಪ್ಯೂಟರುಗಳಿಗೆ ವಿದ್ಯುತ್ ಸಂಕೇತವನ್ನು ಮಾತ್ರ ಕಳುಹಿಸುತ್ತದೆ. ಅದನ್ನು ನಡುವಿಗೆ ತರುವುದು ಸ್ಪ್ರಿಂಗು. ವೇಗಕ್ಕೆ ತಕ್ಕಂತೆ ಅದರ ಬಿಗಿ ಬದಲಾಗುವುದಿಲ್ಲ. ಸಾಮಾನ್ಯ ಹಾರಾಟದಲ್ಲಿ ಟ್ರಿಮ್ ಕೆಲಸವನ್ನೂ ಕಂಪ್ಯೂಟರುಗಳೇ ನಿರ್ವಹಿಸುತ್ತವೆ. ಹೀಗಿರಲು, 70 ಟನ್ನಿಗೂ ಮೀರಿ ತೂಗಬಲ್ಲ ಎ320ರ ಹಿಡಿಯನ್ನು ಸಾಧಾರಣ ಬೆಲೆಯ ಜಾಯ್‌ಸ್ಟಿಕ್ ಬಹುಮಟ್ಟಿಗೆ ಯಥಾವತ್ತಾಗಿ ಅನುಕರಿಸುತ್ತದೆ. ತುಂಬಿದಾಗಲೂ 1,157 ಕಿಲೋಗ್ರಾಮ್ ಮೀರದ ಸೆಸ್ನಾ 172-ಎಸ್ ಅದರ ಕೈಗೆ ಸಿಕ್ಕುವುದಿಲ್ಲ. ಬೋಯಿಂಗ್ 737ರ ಕಥೆ ನಡುವಿನದು. ಅಲ್ಲಿ ಎಲಿವೇಟರನ್ನು ಬಾಗಿಸುವುದು ಮುಖ್ಯವಾಗಿ ಎಣ್ಣೆಯ ಒತ್ತಡ. ಆದುದರಿಂದ ಗಾಳಿಯ ಬಲ ಕೈಗೆ ಬರುವುದಿಲ್ಲ. ಆದರೂ ಚಾಲಕನಿಗೆ ಆ ಅರಿವು ಇರಲೆಂದು ಬಾಲದ ಹತ್ತಿರದ ಕೊಳವೆಗಳಿಂದ ಗಾಳಿಯ ಒತ್ತಡವನ್ನು ಅಳೆದು, ಅದಕ್ಕೆ ತಕ್ಕ ಬಿಗಿಯನ್ನು ಕೃತಕವಾಗಿ ಹುಟ್ಟಿಸಿ ಯೋಕಿಗೆ ಕೊಡುವ ಯಂತ್ರವನ್ನು ಅಳವಡಿಸಿದ್ದಾರೆ. ಕೈಗೆ ಬರುವ ಸುದ್ದಿಗೆ ವಿಮಾನಶಿಲ್ಪಿಗಳು ಎಷ್ಟು ಬೆಲೆ ಕೊಟ್ಟಿದ್ದಾರೆಂಬುದಕ್ಕೆ ಇದೇ ಸಾಕ್ಷಿ.

ಇದೇ ಉಪಾಯವನ್ನು ಮನೆಯ ಯೋಕಿಗೂ ತರಬಹುದಲ್ಲವೆ? ತಂದಿದ್ದಾರೆ. ಸ್ಪ್ರಿಂಗಿಗೆ ಬದಲು ವಿದ್ಯುತ್ ಮೋಟಾರುಗಳನ್ನಿಟ್ಟು, ಸಿಮ್ಯುಲೇಟರ್ ಲೆಕ್ಕಹಾಕಿದ ಬಲವನ್ನು ಕೈಗೆ ತಾಗಿಸುವ ಯೋಕುಗಳಿವೆ. ಇವುಗಳಿಗೆ ಫೋರ್ಸ್ ಫೀಡ್‌ಬ್ಯಾಕ್ ಯೋಕ್ ಎಂದು ಹೆಸರು. ಟ್ರಿಮ್ ತಿರುಗಿಸಿದರೆ ಇವುಗಳ ನಡುಬಿಂದು ನಿಜವಾಗಿಯೂ ಸರಿಯುತ್ತದೆ. ಆದರೆ ಬೆಲೆ ಬಹಳ. ವಿದ್ಯಾರ್ಥಿಗೆ ಇದನ್ನು ಕೊಳ್ಳೆಂದು ಹೇಳುವ ಧೈರ್ಯ ನನಗಿಲ್ಲ.

ಮಾತನಾಡುವ ಹಿಡಿ ಕೈಗೆಟುಕದೆಂದ ಮೇಲೆ, ನಮ್ಮ ಮಾತನ್ನು ತಪ್ಪಿಲ್ಲದೆ ಕೇಳುವ ಹಿಡಿಯನ್ನಾದರೂ ಆರಿಸಬೇಕು. ಹಿಡಿಯ ಸ್ಥಾನವನ್ನು ಕಂಪ್ಯೂಟರಿಗೆ ತಿಳಿಸಲು ಎರಡು ಬಗೆಯ ಸಾಧನಗಳು ಬಳಕೆಯಲ್ಲಿವೆ. ಹಳೆಯದು ಪೊಟೆನ್ಷಿಯೋಮೀಟರ್. ಹಳೆಯ ರೇಡಿಯೋದಲ್ಲಿ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಹಿಂದೆ ಇದ್ದುದೂ ಇದೇ. ಇಂಗಾಲದ ಒಂದು ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಉಜ್ಜುತ್ತ ಸರಿಯುತ್ತದೆ; ಅದು ನಿಂತ ಸ್ಥಳಕ್ಕೆ ತಕ್ಕಂತೆ ವೋಲ್ಟೇಜು ಬದಲಾಗುತ್ತದೆ. ಉಜ್ಜಿದ್ದು ಸವೆಯಲೇಬೇಕು. ಧೂಳು ಕೂತ ಹಳೆಯ ರೇಡಿಯೋದ ಗುಂಡಿ ತಿರುಗಿಸಿದಾಗ ಕರಕರ ಸದ್ದು ಬರುತ್ತಿದ್ದುದನ್ನು ಮನೆಯ ಹಿರಿಯರು ಬಲ್ಲರು. ಅದೇ ಕರಕರ ಇಲ್ಲಿ ವಿಮಾನದ ಮೂತಿಯ ನಡುಕವಾಗಿ ಕಾಣಿಸುತ್ತದೆ. ಎರಡನೆಯದು ಹಾಲ್ ಸಂವೇದಕ. 1879ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್, ವಿದ್ಯುತ್ ಹರಿಯುತ್ತಿರುವ ತೆಳುವಾದ ಚಿನ್ನದ ಹಾಳೆಯನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರ ಎರಡು ಅಂಚುಗಳ ನಡುವೆ ಅಲ್ಪ ವೋಲ್ಟೇಜು ಹುಟ್ಟುವುದೆಂದು ಕಂಡುಹಿಡಿದನು. ಚಿನ್ನದ ಸ್ಥಾನದಲ್ಲಿ ಈಗ ಅರೆವಾಹಕದ ಚೂರು ಇದೆ. ಹಿಡಿಗೆ ಕಟ್ಟಿದ ಕಾಂತ ಅದರ ಸಮೀಪದಲ್ಲಿ ತಿರುಗಿದಂತೆ ವೋಲ್ಟೇಜು ಬದಲಾಗುತ್ತದೆ. ಒಂದನ್ನೊಂದು ಮುಟ್ಟುವುದೇ ಇಲ್ಲವಾದ್ದರಿಂದ ಸವೆಯುವ ಭಯವಿಲ್ಲ. ನಮ್ಮ ಊರುಗಳ ಧೂಳಿಗೆ ಹಾಲ್ ಸಂವೇದಕವೇ ಲೇಸು.

ಆದರೆ ಜಾಹೀರಾತುಗಳಲ್ಲಿ ಕೊಚ್ಚಿಕೊಳ್ಳುವ ‘ಬಿಟ್ಟು’ಗಳ ಲೆಕ್ಕಕ್ಕೆ ಮರುಳಾಗಬೇಕಾಗಿಲ್ಲ. 10 ಬಿಟ್ಟಿನ ಸಾಧನವು ಹಿಡಿಯ ಒಟ್ಟು ಚಲನೆಯನ್ನು 1,024 ಮೆಟ್ಟಲುಗಳಾಗಿ ಭಾಗಿಸುತ್ತದೆ. 16 ಬಿಟ್ಟಿನದು 65,536 ಮೆಟ್ಟಲುಗಳಾಗಿ. ಯೋಕು ಹಿಂದುಮುಂದಾಗಿ ಒಟ್ಟು 10 ಸೆಂಟಿಮೀಟರ್ ಸರಿಯುತ್ತದೆ ಎಂದುಕೊಳ್ಳಿ. 10 ಬಿಟ್ಟಿನಲ್ಲಿಯೇ ಒಂದು ಮೆಟ್ಟಲು ಮಿಲಿಮೀಟರಿನ ಹತ್ತನೆಯ ಒಂದು ಭಾಗವಾಯಿತು. ಅದಕ್ಕಿಂತ ಸೂಕ್ಷ್ಮವಾಗಿ ಅಲುಗಿಸಬಲ್ಲ ಕೈ ಯಾರದು? ಸೆಸ್ನಾ 172ರ ಎಲಿವೇಟರ್ ಮೇಲಕ್ಕೆ 28, ಕೆಳಕ್ಕೆ 23, ಒಟ್ಟು 51 ಡಿಗ್ರಿ ಬಾಗುತ್ತದೆ. ಅಂದರೆ ನಮ್ಮ ಯೋಕಿನ ಒಂದು ಮಿಲಿಮೀಟರ್ ಚಲನೆ ಎಲಿವೇಟರಿನ ಅರ್ಧ ಡಿಗ್ರಿಗೆ ಸಮ. ಇಳಿಯುವಾಗ ಬೇಕಾಗುವ ತಿದ್ದುಪಡಿಗಳು ಎರಡು ಮೂರು ಮಿಲಿಮೀಟರುಗಳಲ್ಲಿ ಮುಗಿದುಹೋಗುತ್ತವೆ. ಯೋಕಿನ ದಂಡ ತನ್ನ ತೂತಿನಲ್ಲಿ ಹಿಡಿದುಕೊಂಡು, ಒತ್ತಡ ಹೆಚ್ಚಿದೊಡನೆ ಫಕ್ಕನೆ ಐದು ಮಿಲಿಮೀಟರ್ ಜಾರಿದರೆ 65,536 ಮೆಟ್ಟಲುಗಳಿದ್ದು ಪ್ರಯೋಜನವೇನು? ಆದುದರಿಂದ ಕೊಳ್ಳುವ ಮುನ್ನ ಪರೀಕ್ಷಿಸಬೇಕಾದುದು ನಯವಾದ ಚಲನೆಯನ್ನು. ಎರಡು ಬೆರಳುಗಳಿಂದ ಹಿಡಿದು ಆದಷ್ಟು ನಿಧಾನವಾಗಿ ನಡುವನ್ನು ದಾಟಿಸಿ ನೋಡಿ. ನಡುವಿನಲ್ಲಿ ಗುಳಿಗೆ ಬಿದ್ದಂತೆ ಸಿಕ್ಕಿಕೊಂಡರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಸಮಹಾರಾಟದ ತಿದ್ದುಪಡಿಗಳೆಲ್ಲ ನಡುವಿನ ಆಸುಪಾಸಿನಲ್ಲಿಯೇ ನಡೆಯುತ್ತವೆ. ಎಡಬಲಕ್ಕೆ ತಿರುಗುವ ಪ್ರಮಾಣವನ್ನೂ ಗಮನಿಸತಕ್ಕದ್ದು. ಹನಿಕೂಂಬ್ ಆಲ್ಫಾದಂಥ ಯೋಕುಗಳು ಒಟ್ಟು 180 ಡಿಗ್ರಿ ತಿರುಗುತ್ತವೆ. ಅದರ ಅರ್ಧ ಮಾತ್ರ ತಿರುಗುವುವೂ ಇವೆ. ಅರ್ಧ ತಿರುಗುವ ಯೋಕಿನಲ್ಲಿ ಕೈಯ ಪ್ರತಿಯೊಂದು ತಪ್ಪೂ ಇಮ್ಮಡಿಯಾಗಿ ವಿಮಾನಕ್ಕೆ ಮುಟ್ಟುತ್ತದೆ.

ಥ್ರಾಟಲಿನ ವಿಚಾರ ಇಷ್ಟು ತೊಡಕಿನದಲ್ಲ. ಎಂಜಿನ್ನಿನ ಶಕ್ತಿಯನ್ನು ಏರಿಸಿ ಇಳಿಸುವ ಈ ಹಿಡಿಗೆ ಸ್ಪ್ರಿಂಗು ಇರಲೇ ಕೂಡದು. ಬಿಟ್ಟಲ್ಲಿ ನಿಲ್ಲಬೇಕು, ಬೇಕೆಂದಾಗ ಜರುಗಬೇಕು. ಬಿಗಿಯನ್ನು ಹೆಚ್ಚುಕಡಿಮೆ ಮಾಡುವ ತಿರುಪು ಇದ್ದರೆ ಉತ್ತಮ. ಎಷ್ಟು ಹಿಡಿಗಳು ಬೇಕೆಂಬುದನ್ನು ನೀವು ನಡೆಸುವ ವಿಮಾನವೇ ನಿರ್ಣಯಿಸುತ್ತದೆ. ಸೆಸ್ನಾ 172ರಲ್ಲಿ ಸಾಮಾನ್ಯವಾಗಿ ಎರಡೇ: ಕಪ್ಪು ಗುಂಡಿಯ ಥ್ರಾಟಲ್ ಮತ್ತು ಗಾಳಿ-ಇಂಧನಗಳ ಮಿಶ್ರಣವನ್ನು ಹದಗೊಳಿಸುವ ಕೆಂಪು ಗುಂಡಿ. ಇವು ಸನ್ನೆಗಳಲ್ಲ, ನೂಕಿ ಎಳೆಯುವ ದಂಡಗಳು. ಪ್ರೊಪೆಲ್ಲರಿನ ಅಲಗುಗಳ ಕೋನ ಬದಲಾಗುವ ವಿಮಾನಗಳಲ್ಲಿ ನೀಲಿಯ ಮೂರನೆಯ ಹಿಡಿ ಬರುತ್ತದೆ. ಅಂಥ ಎರಡು ಎಂಜಿನ್ನುಗಳಿದ್ದರೆ ಆರು. ಎ320ರಲ್ಲಿ ಎರಡು ಸನ್ನೆಗಳಿದ್ದು, ಏರುವಾಗ, ನೆಲ ಬಿಡುವಾಗ ಹೀಗೆ ಆಯಾ ಸಂದರ್ಭಕ್ಕೆ ಗೊತ್ತಾದ ಮೆಟ್ಟುಗಳಲ್ಲಿ ‘ಟಕ್’ ಎಂದು ಕೂರುತ್ತವೆ. ಆ ವಿಮಾನದ ಸ್ವಯಂಚಾಲಿತ ವ್ಯವಸ್ಥೆ ಶಕ್ತಿಯನ್ನು ಏರಿಳಿಸುವಾಗಲೂ ಸನ್ನೆಗಳು ಕದಲುವುದಿಲ್ಲ. ಆದ್ದರಿಂದ ಮನೆಯ ಸಲಕರಣೆ ಇಲ್ಲಿಯೂ ನಿಜಕ್ಕೆ ಹತ್ತಿರ. ಬೋಯಿಂಗ್ 737ರಲ್ಲಿಯಾದರೋ ಮೋಟಾರು ಸನ್ನೆಗಳನ್ನೇ ಸರಿಸುತ್ತದೆ. ಮೇಜಿನ ಮೇಲಿನ ಸನ್ನೆ ಮಾತ್ರ ಹಳೆಯ ಜಾಗದಲ್ಲಿಯೇ ಉಳಿದಿರುತ್ತದೆ. ಸ್ವಯಂಚಾಲನೆಯನ್ನು ಕಳಚಿದೊಡನೆ ಎಂಜಿನ್ ಆ ಹಳೆಯ ಜಾಗಕ್ಕೆ ತಕ್ಕಂತೆ ಹಠಾತ್ತನೆ ಗರ್ಜಿಸುವುದೋ ಅಡಗುವುದೋ ಆಗಬಹುದು. ಕಳಚುವ ಮೊದಲು ಸನ್ನೆಯನ್ನು ಪರದೆಯಲ್ಲಿ ಕಾಣುವ ಸ್ಥಾನಕ್ಕೆ ತಂದುಕೊಳ್ಳುವುದೇ ಇದಕ್ಕೆ ಮದ್ದು.

ಕೈಗಳ ಸಡಗರದಲ್ಲಿ ಕಾಲುಗಳನ್ನು ಮರೆಯುವುದು ಸಾಮಾನ್ಯ. ಸೆಸ್ನಾ ಪೂರ್ಣ ಶಕ್ತಿಯಿಂದ ಓಡುದಾರಿಯಲ್ಲಿ ಧಾವಿಸುವಾಗ ಪ್ರೊಪೆಲ್ಲರಿನ ಪ್ರಭಾವದಿಂದ ಮೂತಿ ಎಡಕ್ಕೆ ತಿರುಗತೊಡಗುತ್ತದೆ. ಅದನ್ನು ಬಲಗಾಲಿನ ಪೆಡಲನ್ನು ಒತ್ತಿ ತಡೆಯಬೇಕು. ಜಾಯ್‌ಸ್ಟಿಕ್ಕನ್ನು ತಿರುಚಿ ಇದೇ ಕೆಲಸ ಮಾಡುವ ಏರ್ಪಾಡು ಇದೆಯಾದರೂ, ಅದರಿಂದ ಕಾಲು ಏನನ್ನೂ ಕಲಿಯುವುದಿಲ್ಲ. ಕೈಯಾದರೋ ಹೊಂದಿಕೊಳ್ಳುವ ಅಂಗ. ಬೆಂಗಳೂರಿನಲ್ಲಿ ನಿರ್ಮಾಣವಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನದಲ್ಲಿ ಇದ್ದುದು ಹಿಡಿಗೋಲು. ಹಿಡಿಗೋಲಿನಿಂದ ಯೋಕಿಗೆ ದಾಟಲು ಚಾಲಕನಿಗೆ ಬಹುಕಾಲ ಬೇಕಾಗುವುದಿಲ್ಲ. ಆದಕಾರಣ ನನ್ನ ಅಭಿಪ್ರಾಯದಲ್ಲಿ ಮುಂದೆ ನಿಜವಾಗಿಯೂ ಹಾರಬಯಸುವ ವಿದ್ಯಾರ್ಥಿ ಮೊದಲು ಹಾಲ್ ಸಂವೇದಕವುಳ್ಳ ಸಾಧಾರಣ ಜಾಯ್‌ಸ್ಟಿಕ್ಕನ್ನೂ, ಆಮೇಲೆ ಪೆಡಲುಗಳನ್ನೂ, ತರುವಾಯ ಥ್ರಾಟಲನ್ನೂ ಕೊಳ್ಳಬೇಕು. ಯೋಕ್ ಕೊನೆಯದು. ಅಂಗಡಿಯವರು ಈ ಕ್ರಮವನ್ನು ಮೆಚ್ಚಲಾರರು.

ಅಳವಡಿಕೆಯಲ್ಲಿಯೂ ಎಚ್ಚರ ಬೇಕು. ಸೆಸ್ನಾದ ಎಡ ಆಸನದಲ್ಲಿ ಕುಳಿತವನ ಎಡಗೈ ಯೋಕಿನ ಮೇಲೆ, ಬಲಗೈ ಥ್ರಾಟಲಿನ ಮೇಲೆ ಇರುತ್ತದೆ. ಮೇಜಿನ ಮೇಲೂ ಹಾಗೆಯೇ ಇಟ್ಟುಕೊಳ್ಳಿ. ಜಾಯ್‌ಸ್ಟಿಕ್ ಆದರೆ ಎಡಗೈಗೂ ಒಗ್ಗುವಂಥದನ್ನು ಆರಿಸಿ. ಯೋಕನ್ನು ಬಿಗಿಯುವ ಹಿಡಿಕೆಗಳು ಅಂಚು ದಪ್ಪವಾದ ಮೇಜಿಗೆ ಹಿಡಿಯದಿರಬಹುದು. ಮೊದಲೇ ಅಳೆದು ನೋಡಿ. ಕಾಲಲ್ಲಿ ಉರುಳುಗಾಲಿಗಳಿರುವ ಕುರ್ಚಿ ಪೆಡಲಿಗೆ ಶತ್ರು: ಒತ್ತಿದಷ್ಟೂ ಚಾಲಕನೇ ಹಿಂದಕ್ಕೆ ಸರಿದುಹೋಗುತ್ತಾನೆ.

ಇಂಥ ಮನೆಯ ಸಲಕರಣೆಯ ಮೇಲೆ ಕಳೆದ ಗಂಟೆಗಳು ಲೈಸೆನ್ಸಿಗೆ ಬೇಕಾದ ಹಾರಾಟದ ಲೆಕ್ಕಕ್ಕೆ ಸೇರುವುದಿಲ್ಲ. ಅವು ಲೆಕ್ಕಕ್ಕೆ ಬಾರದಿದ್ದರೂ ಅಭ್ಯಾಸಕ್ಕೆ ಬರುತ್ತವೆ. ಅದಕ್ಕಾಗಿ ಒಂದು ಪ್ರಯೋಗವನ್ನು ಇಲ್ಲಿ ಸೂಚಿಸಬಹುದು. ಸೆಸ್ನಾವನ್ನು ಇಳಿದಾಣದ ಎದುರಿಗೆ ತಂದು, 65 ನಾಟ್ ವೇಗದಲ್ಲಿ ಟ್ರಿಮ್ ಮಾಡಿ, ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1,500 ಸುತ್ತಿಗೆ ಇಳಿಸಿಕೊಳ್ಳಿ. ಬಳಿಕ ಪರದೆಯ ವೇಗಮಾಪಕದ ಮೇಲೆ ಕಾಗದದ ಒಂದು ಚೂರನ್ನು ಅಂಟಿಸಿಬಿಡಿ. ಮೂತಿ ದಿಗಂತಕ್ಕಿಂತ ಎಷ್ಟು ಕೆಳಗಿದೆ ಎಂಬುದನ್ನು ನೋಡುತ್ತ, ಎಂಜಿನ್ನಿನ ಮತ್ತು ಗಾಳಿಯ ಸದ್ದನ್ನು ಕೇಳುತ್ತ ಇಳಿಸಲು ಪ್ರಯತ್ನಿಸಿ. ಚಕ್ರಗಳು ನೆಲವನ್ನು ಮುಟ್ಟುವ ಮುನ್ನ ನಿಮ್ಮ ಅಂದಾಜಿನ ವೇಗವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಕಾಗದವನ್ನು ಎತ್ತಿ ನೋಡಿ.